ಟಿವಿ ಮತ್ತು ರಾಜಕೀಯದ ಬಗ್ಗೆ ಪ್ರಯೋಗದ ಕಿರುಚಿತ್ರಗಳು: ಯಾರಿಗೆ ಯಾವುದು?

ಗೆಳೆಯನೊಬ್ಬ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತಾನೆ. ಚುನಾವಣೆ ಹತ್ತಿರ ಬಂದಾಗಲೆಲ್ಲ ಅವನ ಫೋನ್ ಬರುತ್ತದೆ. "ಹುಡುಗರಿಗೆ ಟಿವಿ ಬಗ್ಗೆ ಏನಾದ್ರೂ ತೋರಿಸ್ಬೇಕು ಮಾರಾಯ. ಒಂದು ಗಂಟೆ ಇದೆ. ಡಾಕ್ಯುಮೆಂಟರಿ ಬೇಡ, ಮಲಗಿಬಿಡ್ತಾರೆ. ಯಾವ್ದು ಹಾಕ್ಲಿ?" ಒಂದೆರಡು ಸಲ ತಪ್ಪು ಚಿತ್ರ ಹೇಳಿ ಬೈಸಿಕೊಂಡಿದ್ದೇನೆ. ಕೆಲವು ಸಲ ನಾನೇ ಹೋಗಿ ತೋರಿಸಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು, ಯಾರು ಯಾವ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ ಎಂದು ಲೆಕ್ಕ ಹಾಕಿದ್ದೇನೆ. ಆ ಲೆಕ್ಕದ ಮೇಲೆ ಬರೆದದ್ದು ಇದು.

ಇಲ್ಲಿ ಹೇಳುವ ಚಿತ್ರಗಳಲ್ಲಿ ಕಥೆ ಇಲ್ಲ. ಹಿನ್ನೆಲೆಯಲ್ಲಿ ಎಲ್ಲವನ್ನೂ ವಿವರಿಸುವ ಗಂಭೀರ ದನಿಯೂ ಇಲ್ಲ. ಟಿವಿಯಲ್ಲಿ ಬಂದದ್ದನ್ನೇ ಎತ್ತಿಕೊಂಡು, ಕತ್ತರಿಸಿ, ಮತ್ತೆ ಹೊಲಿದವೇ ಜಾಸ್ತಿ. ಹೆಚ್ಚಿನವು ಅಮೆರಿಕದವು, ಕೆಲವು ಬ್ರಿಟನ್ನಿನವು. ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ಸೋಪಿನ ಹಾಗೆ ಟಿವಿಯಲ್ಲಿ ಮಾರಲು ಅಮೆರಿಕದಲ್ಲಿ 1952ರಲ್ಲೇ ಶುರು ಮಾಡಿದ್ದರು. 1960ರ ದಶಕದ ಕೊನೆಗೆ ಸೋನಿ ಕಂಪನಿಯ ಪೋರ್ಟಾಪ್ಯಾಕ್ ಬಂತು. ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ವಿಡಿಯೋ ಉಪಕರಣ ಅದು. ಅಲ್ಲಿಯವರೆಗೆ ಸ್ಟುಡಿಯೋದವರ ಹತ್ತಿರ ಮಾತ್ರ ಇದ್ದ ವಿಡಿಯೋ ಕಲಾವಿದರ ಕೈಗೂ ಸಿಕ್ಕಿತು. ಟಿವಿಗೆ ಟಿವಿಯಿಂದಲೇ ಉತ್ತರ ಕೊಡುವ ಚಾಳಿ ಬೆಳೆದದ್ದು ಆಮೇಲೆ.

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಟಿವಿಯನ್ನು ಬೈಯುವ ಚಿತ್ರ ನೋಡಿದವರು "ಹೌದಪ್ಪಾ, ಜನ ಎಷ್ಟು ದಡ್ಡರು" ಅಂದುಕೊಂಡು ಎದ್ದು ಹೋಗುತ್ತಾರೆ. ಆ ಜನರಲ್ಲಿ ತಾವೂ ಇದ್ದೇವೆ ಅನ್ನುವುದು ಅವರ ತಲೆಗೆ ಬರುವುದಿಲ್ಲ. ಟಿವಿಯನ್ನು ಅದರ ಬಾಯಲ್ಲೇ ಮಾತಾಡಿಸುವ ಚಿತ್ರ ನೋಡಿದವರು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಾರೆ. ನಾನು ಎರಡನೆಯದರ ಕಡೆ.

ಅಕ್ಷರ ಓಡುವುದೋ, ನಾಯಕಿ ಗಿರಗಿರ ತಿರುಗುವುದೋ

ಈ ವಿಷಯದಲ್ಲಿ ಯಾರು ಪಟ್ಟಿ ಮಾಡಿದರೂ ಮೊದಲು ಬರುವುದು 'ಟೆಲಿವಿಷನ್ ಡೆಲಿವರ್ಸ್ ಪೀಪಲ್'. ರಿಚರ್ಡ್ ಸೆರಾ ಮತ್ತು ಕಾರ್ಲೋಟಾ ಫೇ ಸ್ಕೂಲ್‌ಮನ್ 1973ರಲ್ಲಿ ಮಾಡಿದ್ದು. ಸೆರಾ ಅಂದರೆ ಆಳೆತ್ತರಕ್ಕಿಂತ ದೊಡ್ಡ ಉಕ್ಕಿನ ಹಲಗೆಗಳನ್ನು ನಿಲ್ಲಿಸುತ್ತಿದ್ದ ಶಿಲ್ಪಿ. ಈ ಚಿತ್ರದಲ್ಲಿ ಉಕ್ಕೂ ಇಲ್ಲ, ಮನುಷ್ಯರೂ ಇಲ್ಲ. ನೀಲಿ ಪರದೆ, ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿಯುವ ಹಳದಿ ಅಕ್ಷರ. ಹಿಂದೆ, ಹೋಟೆಲ್ ಲಾಬಿಯಲ್ಲಿ ಹಾಕುವಂಥ, ಯಾರಿಗೂ ತೊಂದರೆ ಕೊಡದ ಇಂಪಾದ ಸಂಗೀತ. ಆರೇಳು ನಿಮಿಷದಲ್ಲಿ ಮುಗಿಯಿತು.

ಅಕ್ಷರಗಳು ಹೇಳುವುದು ಸರಳ. ಚಾನೆಲ್ ಮಾರುವುದು ಕಾರ್ಯಕ್ರಮವನ್ನಲ್ಲ, ನೋಡುವವರನ್ನು. ಗಿರಾಕಿ ಜಾಹೀರಾತು ಕೊಡುವವನು, ಸರಕು ನೀವು. ಮನರಂಜನೆಯೂ ಪ್ರಚಾರವೇ, ಎಲ್ಲ ಈಗ ಇರುವ ಹಾಗೇ ಇರಲಿ ಅನ್ನುವ ಪ್ರಚಾರ. ಟಿಆರ್‌ಪಿ ಅನ್ನುವ ಪದವನ್ನು ದಿನಾ ಕೇಳುವ ನಮಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಅಲ್ಲೇ ಇರುವುದು ಮಜಾ. ಐವತ್ತು ವರ್ಷದ ಹಿಂದೆ ಗುಟ್ಟು ಬಿಚ್ಚಿದಂತೆ ಹೇಳಿದ ಮಾತನ್ನು ಈಗ ಚಾನೆಲ್‌ನವರೇ "ನಾವೇ ನಂಬರ್ ಒನ್" ಅಂತ ಬೋರ್ಡು ಬರೆಸಿ ಹೇಳುತ್ತಾರೆ.

ತೊಂದರೆ ಒಂದೇ: ಪೂರ್ತಿ ಇಂಗ್ಲಿಷ್, ಪೂರ್ತಿ ಓದು. ಕನ್ನಡ ಮಾಧ್ಯಮದಿಂದ ಬಂದವರೇ ಹೆಚ್ಚಿದ್ದ ತರಗತಿಯಲ್ಲಿ ಒಮ್ಮೆ ಇದನ್ನು ಹಾಕಿ, ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಪೂರ್ತಿ ಕೆಟ್ಟಿತು. ಈ ಚಿತ್ರ ಕೆಲಸ ಮಾಡುವುದೇ ಸಂಗೀತದಿಂದ. ಸಂಗೀತ ಮಂಪರು ಹತ್ತಿಸುತ್ತಿರುವಾಗಲೇ ಅಕ್ಷರ ಚುಚ್ಚಬೇಕು. ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಕೈಯಲ್ಲಿ ಉಳಿಯುವುದು ಒಂದು ಕರಪತ್ರ ಅಷ್ಟೇ. ಈಗ ಒಂದು ಹಾಳೆಯಲ್ಲಿ ಕನ್ನಡ ಅನುವಾದ ಮೊದಲೇ ಹಂಚುತ್ತೇನೆ. ಓದಿ ಮುಗಿಸಿದ ಮೇಲೆ, ಒಂದೂ ಮಾತಾಡದೆ ಚಿತ್ರ ಹಾಕುತ್ತೇನೆ.

ಅದರ ಪಕ್ಕಕ್ಕೆ ಡಾರಾ ಬರ್ನ್‌ಬಾಮ್ ಅವರ 'ಟೆಕ್ನಾಲಜಿ/ಟ್ರಾನ್ಸ್‌ಫರ್ಮೇಷನ್: ವಂಡರ್ ವುಮನ್' ಇಡಿ. 1978-79ರದ್ದು, ಇದೂ ಆರು ನಿಮಿಷದೊಳಗೆ. ಆಗ ಅಮೆರಿಕದಲ್ಲಿ 'ವಂಡರ್ ವುಮನ್' ಧಾರಾವಾಹಿ ಜನಪ್ರಿಯ. ಆಫೀಸಿನಲ್ಲಿ ಕೆಲಸ ಮಾಡುವ ಸಾದಾ ಹೆಂಗಸು ಎರಡೂ ಕೈ ಚಾಚಿ ಗಿರ್ರನೆ ತಿರುಗುತ್ತಾಳೆ, ಬೆಂಕಿಯ ಗೋಳ ಸಿಡಿಯುತ್ತದೆ, ಕಿರೀಟ ಧರಿಸಿದ ವೀರನಾರಿಯಾಗಿ ನಿಲ್ಲುತ್ತಾಳೆ. ಧಾರಾವಾಹಿಯಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬರ್ನ್‌ಬಾಮ್ ಆ ತುಣುಕನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಸಿಡಿತ, ತಿರುಗು, ಸಿಡಿತ, ತಿರುಗು. ಮೊದಲ ಸಲ ಖುಷಿ. ಮೂರನೇ ಸಲ ನಗು. ಏಳನೇ ಸಲಕ್ಕೆ ಅವಳು ಎಲ್ಲಿಗೂ ಹೋಗುತ್ತಿಲ್ಲ, ಬುಗುರಿಯ ಹಾಗೆ ನಿಂತಲ್ಲೇ ತಿರುಗುತ್ತಿದ್ದಾಳೆ ಅನ್ನುವುದು ಹೊಳೆಯುತ್ತದೆ. ಸೆಕ್ರೆಟರಿ ಅಥವಾ ದೇವತೆ, ನಡುವೆ ಬೇರೆ ಜಾಗವೇ ಇಲ್ಲ. ಕೊನೆಗೆ ಒಂದು ಡಿಸ್ಕೋ ಹಾಡು, ಅದರ ಸಾಲುಗಳು ಪರದೆಯ ಮೇಲೆ ಬರುತ್ತವೆ. ಕಿವಿಗೆ ಬಿದ್ದರೆ ಕುಣಿಸುವ ಹಾಡು ಕಣ್ಣಿಗೆ ಬಿದ್ದಾಗ ಎಷ್ಟು ಪೋಲಿ ಅಂತ ಗೊತ್ತಾಗುತ್ತದೆ. ನ್ಯೂಯಾರ್ಕಿನ ಸೋಹೊದಲ್ಲಿ ಒಂದು ಹೇರ್ ಸಲೂನಿನ ಕಿಟಕಿಯಲ್ಲಿ ಇದನ್ನು ರಸ್ತೆಯವರಿಗೆ ಕಾಣುವಂತೆ ಹಾಕಿದ್ದರು. ಆ ಜಾಗದ ಆಯ್ಕೆ ನನಗೆ ಚಿತ್ರದಷ್ಟೇ ಇಷ್ಟ.

ಎರಡರಲ್ಲಿ ಒಂದೇ ಅಂದರೆ ಬರ್ನ್‌ಬಾಮ್. ಇಂಗ್ಲಿಷ್ ಹೆಚ್ಚು ಬೇಕಿಲ್ಲ, ವಂಡರ್ ವುಮನ್ ಯಾರೆಂದು ಎಲ್ಲರಿಗೂ ಗೊತ್ತು. "ಇದರಲ್ಲಿ ರಾಜಕೀಯ ಎಲ್ಲಿದೆ ಸಾರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಆ ಪ್ರಶ್ನೆಗೆ ಅರ್ಧ ಗಂಟೆ ಮಾತು ನಡೆಯುತ್ತದೆ. ಸೆರಾ ಚಿತ್ರದ ನಂತರ ಹೆಚ್ಚಾಗಿ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ.

ಕಾರು ನುಗ್ಗಿಸಿದವರು

ಗದ್ದಲ ಬೇಕು, ಮೊದಲ ಸಲ ಇಂಥದ್ದನ್ನು ನೋಡುವವರು ಅಂದರೆ 'ಮೀಡಿಯಾ ಬರ್ನ್'. ಆಂಟ್ ಫಾರ್ಮ್ ಅನ್ನುವ ತಂಡದ್ದು, ಸುಮಾರು 23 ನಿಮಿಷ. 1975ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸ್ಯಾನ್ ಫ್ರಾನ್ಸಿಸ್ಕೋದ ಕೌ ಪ್ಯಾಲೇಸ್‌ನ ವಾಹನ ನಿಲ್ಲಿಸುವ ಮೈದಾನದಲ್ಲಿ ಹಳೆ ಟಿವಿಗಳನ್ನು ಗೋಡೆಯ ಹಾಗೆ ಪೇರಿಸಿಟ್ಟು ಬೆಂಕಿ ಹಚ್ಚಿದರು. ತಂಡದ ಇಬ್ಬರು 1959ರ ಕ್ಯಾಡಿಲಾಕ್ ಕಾರನ್ನು ಜೋರಾಗಿ ಓಡಿಸಿಕೊಂಡು ಬಂದು ಆ ಗೋಡೆಗೆ ನುಗ್ಗಿಸಿದರು. ಕಾರಿನ ಹೊರಗೆ ಕ್ಯಾಮೆರಾ, ಒಳಗೆ ಮಾನಿಟರ್. ದಾರಿ ನೋಡಿಕೊಂಡದ್ದು ಟಿವಿಯಲ್ಲೇ. ಟಿವಿ ಒಡೆಯಲು ಹೊರಟವನಿಗೂ ಟಿವಿ ನೋಡದೆ ಗತಿಯಿಲ್ಲ, ಅಲ್ವಾ?

ಅದಕ್ಕೂ ಮೊದಲು ಕೆನಡಿ ವೇಷದ ಒಬ್ಬ, ಕಲಾವಿದ ಡಗ್ ಹಾಲ್, ಅಧ್ಯಕ್ಷರ ಹಾಗೆ ಬಂದು ಭಾಷಣ ಬಿಗಿಯುತ್ತಾನೆ. ನಿಜವಾದ ರುಚಿ ಇರುವುದು ಇನ್ನೊಂದು ಕಡೆ. ಅಂದು ಸ್ಥಳೀಯ ಚಾನೆಲ್‌ಗಳ ವಾರ್ತೆಯಲ್ಲಿ ಈ ಘಟನೆ ಹೇಗೆ ಬಂತು ಅನ್ನುವುದನ್ನೂ ಚಿತ್ರದೊಳಗೆ ಸೇರಿಸಿದ್ದಾರೆ. ವಾರ್ತೆ ಓದುವವರ ತುಟಿಯಂಚಿನ ನಗು ನೋಡಬೇಕು. ತನ್ನ ಮೇಲೇ ನಡೆದ ದಾಳಿಯನ್ನು ಟಿವಿ ಹವಾಮಾನ ವರದಿಯ ಪಕ್ಕದ ತಮಾಷೆ ಸುದ್ದಿಯಾಗಿ ಜೀರ್ಣಿಸಿಕೊಂಡುಬಿಡುತ್ತದೆ. ವಿದ್ಯಾರ್ಥಿಗಳು ಡಿಕ್ಕಿಗೆ ಶಿಳ್ಳೆ ಹೊಡೆಯುತ್ತಾರೆ. ನೀವು ಆ ವಾರ್ತೆಯ ತುಣುಕನ್ನು ಎರಡನೇ ಸಲ ಹಾಕಿ ತೋರಿಸಿ.

ಒಂದು ಉಪಕಥೆ. ಅಲ್ಲಿ ಟಿವಿಗಳಿಗೆ ಬೆಂಕಿ ಬಿದ್ದು ನಾಲ್ಕು ವಾರಕ್ಕೆ, 1975ರ ಆಗಸ್ಟ್ 1ರಂದು, ಅಮೆರಿಕದ್ದೇ ಎಟಿಎಸ್-6 ಉಪಗ್ರಹದ ಮೂಲಕ ನಮ್ಮಲ್ಲಿ 'ಸೈಟ್' ಎಂಬ ಶೈಕ್ಷಣಿಕ ಟಿವಿ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಅಲ್ಲಿ ಜನ ಟಿವಿಯಿಂದ ಬೇಸತ್ತು ಒಡೆಯುತ್ತಿದ್ದಾಗ ಇಲ್ಲಿ ಊರಿಗೆ ಊರೇ ಒಂದು ಡಬ್ಬಿಯ ಮುಂದೆ ಕೂರಲು ಕಲಿಯುತ್ತಿತ್ತು. ದೇಶದಲ್ಲಿ ಆಗ ತುರ್ತುಪರಿಸ್ಥಿತಿ ಬೇರೆ. ಆ ಜಿಲ್ಲೆಗಳ ವಿದ್ಯಾರ್ಥಿಗಳಿದ್ದರೆ, ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಿ. 'ಮೀಡಿಯಾ ಬರ್ನ್' ಪಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಅದೇ ತಂಡ ಅದೇ ವರ್ಷ ಟಿ. ಆರ್. ಉತ್ಕೊ ತಂಡದ ಜೊತೆ ಸೇರಿ ಮಾಡಿದ್ದು 'ದಿ ಎಟರ್ನಲ್ ಫ್ರೇಮ್'. ಉದ್ದವೂ ಹತ್ತಿರ ಹತ್ತಿರ ಅಷ್ಟೇ. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಗುಂಡಿಟ್ಟು ಕೊಂದ ಡಲ್ಲಾಸ್‌ನ ಅದೇ ರಸ್ತೆಗೆ ಹೋಗಿ, ತೆರೆದ ಕಾರಿನಲ್ಲಿ ಕೂತು, ಆ ಸಾವನ್ನು ಮತ್ತೆ ಮತ್ತೆ ಅಭಿನಯಿಸುತ್ತಾರೆ. ಕೆನಡಿಯ ಹೆಂಡತಿ ಜಾಕಿಯ ಪಾತ್ರಕ್ಕೂ ಗಂಡಸೇ. ಭಯಂಕರ ಅನ್ನಿಸುವುದು ಅಭಿನಯವಲ್ಲ, ಸುತ್ತ ನಿಂತ ಪ್ರವಾಸಿಗರು. ಯಾರೂ ಬೈಯುವುದಿಲ್ಲ. ಫೋಟೋ ತೆಗೆಯುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಮೊದಲ ಸಲ ನೋಡುವವರಿಗೆ 'ಮೀಡಿಯಾ ಬರ್ನ್' ಸಾಕು. ಎರಡನೇ ವರ್ಷದವರಿಗೆ 'ಎಟರ್ನಲ್ ಫ್ರೇಮ್'. ಎರಡನ್ನೂ ಒಂದೇ ದಿನ ಹಾಕಬೇಡಿ, ಒಂದರ ಗದ್ದಲ ಇನ್ನೊಂದರ ಕಸಿವಿಸಿಯನ್ನು ನುಂಗಿಹಾಕುತ್ತದೆ.

ಮಾತು ಕತ್ತರಿಸಿದವರು

ಈ ಗುಂಪೇ ನನಗೆ ಎಲ್ಲಕ್ಕಿಂತ ಪ್ರಿಯ. ಮೊದಲನೆಯದು ಬ್ರಿಟನ್ನಿನ ಡೇವಿಡ್ ಹಾಲ್ ಅವರ 'ದಿಸ್ ಈಸ್ ಎ ಟೆಲಿವಿಷನ್ ರಿಸೀವರ್', 1976ರಲ್ಲಿ ಬಿಬಿಸಿಯಲ್ಲೇ ಬಂದದ್ದು, ಎಂಟು ನಿಮಿಷದ ಸುಮಾರು. ರಿಚರ್ಡ್ ಬೇಕರ್ ಅಂದರೆ ಅಲ್ಲಿ ಎಲ್ಲರ ಮನೆಗೂ ಬರುತ್ತಿದ್ದ ವಾರ್ತಾವಾಚಕ. ಅವರು ಎಂದಿನ ಗಾಂಭೀರ್ಯದಲ್ಲೇ ಹೇಳುತ್ತಾರೆ: ನೀವು ನೋಡುತ್ತಿರುವುದು ಮನುಷ್ಯನನ್ನಲ್ಲ, ಗಾಜಿನ ಮೇಲಿನ ಬೆಳಕನ್ನು, ಕೇಳುತ್ತಿರುವುದು ದನಿಯನ್ನಲ್ಲ, ಸ್ಪೀಕರಿನ ಕಂಪನವನ್ನು. ಆಮೇಲೆ ಆ ದೃಶ್ಯವನ್ನೇ ಟಿವಿ ಪರದೆಯಿಂದ ಮತ್ತೆ ಚಿತ್ರೀಕರಿಸಿ ಹಾಕುತ್ತಾರೆ. ಅದನ್ನು ಮತ್ತೊಮ್ಮೆ. ಇನ್ನೊಮ್ಮೆ. ಪ್ರತಿ ಸಲ ಪರದೆಯ ಉಬ್ಬು ಮುಖವನ್ನು ಇನ್ನಷ್ಟು ಎಳೆಯುತ್ತದೆ, ದನಿ ಡಬ್ಬಿಯೊಳಗೆ ಇಳಿಯುತ್ತದೆ. ಕೊನೆಗೆ ನಂಬಿಕಸ್ಥ ಮುಖ ಹೋಗಿ ಬೆಳಕಿನ ಗಂಜಿ ಉಳಿಯುತ್ತದೆ. ಬೇಕರ್ ಯಾರೆಂದು ನಮ್ಮ ಹುಡುಗರಿಗೆ ಗೊತ್ತಿಲ್ಲ. ಪರವಾಗಿಲ್ಲ. ವಾರ್ತೆ ಓದುವ ಮುಖ ಯಾವ ದೇಶದ್ದಾದರೂ ಗುರುತು ಸಿಗುತ್ತದೆ.

ಎರಡನೆಯದು ಓಮರ್ ಫಾಸ್ಟ್ ಅವರ 'ಸಿಎನ್ಎನ್ ಕಾನ್ಕ್ಯಾಟಿನೇಟೆಡ್', 2002, 18 ನಿಮಿಷ. ಸಿಎನ್ಎನ್‌ನ ನಿರೂಪಕರು ಆಡಿದ ಪದಗಳನ್ನು ಒಂದೊಂದಾಗಿ ಕತ್ತರಿಸಿ ಹತ್ತು ಸಾವಿರ ಪದಗಳ ಸಂಗ್ರಹ ಮಾಡಿಕೊಂಡರು. ಅದರಿಂದ ಹೊಸ ವಾಕ್ಯ ಕಟ್ಟಿದರು. ಒಂದು ಪದ ಒಬ್ಬನ ಬಾಯಿಂದ, ಮುಂದಿನ ಪದ ಇನ್ನೊಬ್ಬಳ ಬಾಯಿಂದ. ಕೋಟು, ಟೈ, ಕೂದಲು ಪಟಪಟ ಬದಲಾಗುತ್ತವೆ. ಮಾತಿನ ಎಳೆ ಮಾತ್ರ ಒಂದೇ. ಅವರೆಲ್ಲ ಸೇರಿ ಹೇಳುವುದು ಸುದ್ದಿಯಲ್ಲ. ಹತ್ತಿರ ಬಾ ಅನ್ನುತ್ತಾರೆ, ಗೋಗರೆಯುತ್ತಾರೆ, ಹೆದರಿಸುತ್ತಾರೆ, ಜಗಳವಾಡಿ ಮುನಿಸಿಕೊಂಡ ಪ್ರೇಮಿಯ ಹಾಗೆ. ಸೆಪ್ಟೆಂಬರ್ 11ರ ನಂತರದ ದಿನಗಳಲ್ಲಿ ಸುದ್ದಿ ಚಾನೆಲ್ ನಿಜಕ್ಕೂ ಹೇಳುತ್ತಿದ್ದದ್ದು ಇದನ್ನೇ: ಎದ್ದು ಹೋಗಬೇಡ. ನಮ್ಮಲ್ಲೂ ರಾತ್ರಿ ಒಂಬತ್ತಕ್ಕೆ ಇದೇ ದನಿ ಕೇಳಿಸುತ್ತದೆ. "ಎಲ್ಲೂ ಹೋಗ್ಬೇಡಿ, ಒಂದು ಚಿಕ್ಕ ಬ್ರೇಕ್ ನಂತರ..."

ಆದರೆ ಎಚ್ಚರ. ಇಂಗ್ಲಿಷ್ ಸಲೀಸಾಗಿ ಬಾರದವರಿಗೆ ಇದು ಬರೀ ಹಿಂಸೆ. ಸಬ್‌ಟೈಟಲ್ ಹಾಕಿದರೂ ಕಣ್ಣು ಕೆಳಗೆ ಹೋದಾಗ ಮೇಲೆ ನಾಲ್ಕು ಮುಖ ಬದಲಾಗಿರುತ್ತವೆ. ಅಂಥ ಕಡೆ ಐದೇ ನಿಮಿಷ ತೋರಿಸಿ, ಅದೇ ಆಟವನ್ನು ಕನ್ನಡ ಚಾನೆಲ್‌ನ ತುಣುಕುಗಳಲ್ಲಿ ಆಡಲು ಬಿಡಿ. ಮೊಬೈಲಿನಲ್ಲೇ ಆಗುತ್ತದೆ. ಗೆಳೆಯನ ತರಗತಿಯ ಒಬ್ಬ ಹುಡುಗಿ "ಇದೀಗ", "ನೋಡಿ", "ಭಾರೀ" ಈ ಮೂರೇ ಪದ ಇಟ್ಟುಕೊಂಡು ಒಂದು ನಿಮಿಷದ ಚಿತ್ರ ಮಾಡಿದ್ದಳು. ಸುದ್ದಿ ಇಲ್ಲದೆಯೂ ಎದೆ ಡವಡವ ಅನ್ನುತ್ತಿತ್ತು.

ಲೆಂಕಾ ಕ್ಲೇಟನ್ ಅದೇ 2002ರಲ್ಲಿ ಬೇರೆ ದಾರಿ ಹಿಡಿದರು. ಅಧ್ಯಕ್ಷ ಬುಷ್ ಆ ವರ್ಷ ಜನವರಿ 29ರಂದು ಇರಾಕ್, ಇರಾನ್, ಉತ್ತರ ಕೊರಿಯಾಗಳನ್ನು ದುಷ್ಟಕೂಟ ಎಂದು ಕರೆದ ಭಾಷಣ ಮಾಡಿದ್ದರಲ್ಲ, ಅದರ ಒಂದೊಂದು ಪದವನ್ನೂ ಬಿಡಿಸಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದರು. ಅರ್ಥ ಪೂರ್ತಿ ಹೋಯಿತು, ತೂಕ ಉಳಿಯಿತು. 'ಅಮೆರಿಕ' ಒಂದೇ ಸಾಲಿಗೆ ಬರುತ್ತದೆ, 'ಟೆರರ್' ತನ್ನ ಸರದಿಗೆ ಸಾಲುಗಟ್ಟುತ್ತದೆ. ಫಾಸ್ಟ್ ಚಿತ್ರದಲ್ಲಿ ಕಲಾವಿದನ ಕೈಚಳಕ ಕಾಣುತ್ತದೆ, ಇಲ್ಲಿ ಕೈಯೇ ಕಾಣುವುದಿಲ್ಲ, ಅಕಾರಾದಿ ಮಾತ್ರ. ಲೆಕ್ಕಾಚಾರದ ಬುದ್ಧಿಯವರಿಗೆ, ಇಂಜಿನಿಯರಿಂಗ್ ಕಾಲೇಜಿನವರಿಗೆ ಇದು ಜಾಸ್ತಿ ಹಿಡಿಸುತ್ತದೆ. ಪೂರ್ತಿ ಕೂರುವುದು ಕಷ್ಟ, ಅದನ್ನೂ ಹೇಳಬೇಕು.

1980ರ ದಶಕದಿಂದ ಎರಡು ಹೆಸರು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನ ಗೊರಿಲ್ಲಾ ಟೇಪ್ಸ್ ತಂಡದ 'ಡೆತ್ ವ್ಯಾಲಿ ಡೇಸ್' (1984) ಆಗಿನ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಅವರ ಟಿವಿ ತುಣುಕುಗಳನ್ನು ಹೊಲಿದು ಇಬ್ಬರ ನಡುವೆ ಪ್ರೇಮ ಹುಟ್ಟಿಸುತ್ತದೆ. ರೇಗನ್ ರಾಜಕೀಯಕ್ಕೆ ಬರುವ ಮುಂಚೆ ಅದೇ ಹೆಸರಿನ ಟಿವಿ ಸರಣಿ ನಡೆಸಿಕೊಡುತ್ತಿದ್ದರು ಅನ್ನುವುದು ಗೊತ್ತಿದ್ದರೆ ನಗು ಇಮ್ಮಡಿ. ನಗಿಸಬೇಕೆಂದರೆ ಇದು. ಮಾರ್ಥಾ ರಾಸ್ಲರ್ ಅವರ 1985ರ 16 ನಿಮಿಷದ ವಿಡಿಯೋ ನಗಿಸುವುದಿಲ್ಲ. ನಿಕಾರಾಗುವಾಕ್ಕೆ ಸೋವಿಯತ್ ಮಿಗ್ ಯುದ್ಧವಿಮಾನಗಳು ಬರುತ್ತಿವೆ ಎಂದು 1984ರ ನವೆಂಬರಿನಲ್ಲಿ ಸುದ್ದಿ ಹಬ್ಬಿತ್ತು, ವಿಮಾನ ಬರಲೇ ಇಲ್ಲ. ಆ ವಾರ್ತೆಯನ್ನೇ ಸಿಗ್ನಲ್ ಕೆಟ್ಟಂತೆ ಒಡೆದು, ಪದ ನುಂಗಿ ತೋರಿಸುತ್ತಾರೆ. ಹಿನ್ನೆಲೆ ಗೊತ್ತಿಲ್ಲದವರಿಗೆ ತಲೆಬುಡ ತಿಳಿಯುವುದಿಲ್ಲ. ಸುಳ್ಳುಸುದ್ದಿಯ ಬಗ್ಗೆಯೇ ಪಾಠ ಇದ್ದರೆ ಮಾತ್ರ ಆರಿಸಿ.

ಚುನಾವಣೆ ಜಾಹೀರಾತೇ ಬೇಕೆಂದರೆ

ಬಾರ್ಸಿಲೋನಾದಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ ಮುಂಟಾಡಾಸ್ ಮತ್ತು ಮಾರ್ಷಲ್ ರೀಸ್ 1984ರಿಂದ 'ಪೊಲಿಟಿಕಲ್ ಅಡ್ವರ್ಟೈಸ್‌ಮೆಂಟ್' ಮಾಡುತ್ತಾ ಬಂದಿದ್ದಾರೆ. ಪ್ರತಿ ಅಧ್ಯಕ್ಷೀಯ ಚುನಾವಣೆಗೆ ಹೊಸ ಜಾಹೀರಾತು ಸೇರಿಸಿ ಮತ್ತೆ ಬಿಡುತ್ತಾರೆ. 1952ರ ಅಭ್ಯರ್ಥಿ ಐಸೆನ್‌ಹೋವರ್‌ನಿಂದ ಶುರು. ಒಂದಾದ ಮೇಲೊಂದು ಜಾಹೀರಾತು, ನಡುವೆ ಒಂದೂ ಟಿಪ್ಪಣಿ ಇಲ್ಲ. ಈಗ ಗಂಟೆ ದಾಟಿ ಬೆಳೆದಿದೆ, ಕಿರುಚಿತ್ರ ಅನ್ನುವುದೇ ಕಷ್ಟ. ಆದರೆ ನನ್ನ ಪಟ್ಟಿಯಲ್ಲಿ ಮೇಲಿದೆ. ಯಾರೂ ಏನೂ ವಿವರಿಸದೆ, ಕಪ್ಪುಬಿಳುಪಿನ ಸಂಕೋಚದ ಅಜ್ಜ ನಿಧಾನಕ್ಕೆ ಸಿನಿಮಾ ಹೀರೋ ಆಗುವುದು ಕಣ್ಣೆದುರೇ ನಡೆಯುತ್ತದೆ.

ಗಂಟೆಗಟ್ಟಲೆ ಸಮಯ ಇಲ್ಲದಿದ್ದರೆ ನೀವೇ ಪುಟ್ಟದೊಂದು ಮಾಡಿಕೊಳ್ಳಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನ 'ದಿ ಲಿವಿಂಗ್ ರೂಮ್ ಕ್ಯಾಂಡಿಡೇಟ್' ಸಂಗ್ರಹದಲ್ಲಿ 1952ರಿಂದ ಈಚಿನ ಜಾಹೀರಾತುಗಳಿವೆ. ಎರಡು ಆರಿಸಿದರೂ ಸಾಕು. ಒಂದು, ಐಸೆನ್‌ಹೋವರ್ ಜನರ ಪ್ರಶ್ನೆಗೆ ಉತ್ತರಿಸುವಂತೆ ಕಾಣುವ ಜಾಹೀರಾತು. ರಾಸರ್ ರೀವ್ಸ್ ಎಂಬ ಜಾಹೀರಾತು ಮನುಷ್ಯನ ಐಡಿಯಾ. ಉತ್ತರಗಳನ್ನೆಲ್ಲ ಸ್ಟುಡಿಯೋದಲ್ಲಿ ಒಂದೇ ದಿನ ಮೊದಲೇ ತೆಗೆದಿದ್ದರು. ಪ್ರಶ್ನೆ ಕೇಳುವವರನ್ನು ಆಮೇಲೆ ಬೀದಿಯಿಂದ ಕರೆತಂದು ಕೂರಿಸಿದರು. ಉತ್ತರ ಮೊದಲು, ಪ್ರಶ್ನೆ ನಂತರ! ಈ ಗುಟ್ಟನ್ನು ಮೊದಲು ಹೇಳಬೇಡಿ. ಒಮ್ಮೆ ತೋರಿಸಿ, ಹೇಳಿ, ಮತ್ತೆ ತೋರಿಸಿ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿರುವುದು ಆಗ ಕಾಣುತ್ತದೆ.

ಇನ್ನೊಂದು 1964ರ 'ಡೈಸಿ', ಒಂದು ನಿಮಿಷ. ಪುಟ್ಟ ಹುಡುಗಿ ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ. ತಪ್ಪುತ್ತಾಳೆ, ಐದಾದ ಮೇಲೆ ಏಳು, ಆಮೇಲೆ ಆರು, ಮತ್ತೊಮ್ಮೆ ಆರು. ಒಂಬತ್ತಕ್ಕೆ ಬಂದಾಗ ಗಂಡಸಿನ ದನಿ ಹತ್ತರಿಂದ ಕೆಳಗೆ ಎಣಿಸತೊಡಗುತ್ತದೆ. ಅದು ತಪ್ಪುವುದಿಲ್ಲ. ಕ್ಯಾಮೆರಾ ಅವಳ ಕಣ್ಣೊಳಗೆ ಹೋಗುತ್ತದೆ, ಅಣುಬಾಂಬ್ ಸಿಡಿಯುತ್ತದೆ. ಆಗಿನ ಅಧ್ಯಕ್ಷ ಜಾನ್ಸನ್ ಪರವಾದ ಈ ಜಾಹೀರಾತಿನಲ್ಲಿ ಎದುರಾಳಿ ಗೋಲ್ಡ್‌ವಾಟರ್ ಹೆಸರೇ ಇಲ್ಲ. ಹಣ ಕೊಟ್ಟು ಹಾಕಿಸಿದ್ದು ಒಂದೇ ಸಲ, ಸೆಪ್ಟೆಂಬರ್ 7ರ ರಾತ್ರಿ. ಆಮೇಲೆ ಸುದ್ದಿ ಕಾರ್ಯಕ್ರಮಗಳೇ ಪುಕ್ಕಟೆ ತೋರಿಸಿದವು. ವೈರಲ್ ವಿಡಿಯೋವನ್ನು ಚಾನೆಲ್‌ನವರು ದಿನವಿಡೀ ಸುತ್ತಿಸುವುದು ಹೊಸ ರೋಗ ಅಂದುಕೊಂಡವರಿಗೆ ಇದನ್ನು ತೋರಿಸಿ.

ಗೆಳೆಯನಿಗೆ ಈ ಸಲ ಹೇಳಿದ ಕ್ರಮ: ಮೊದಲು ಡೇವಿಡ್ ಹಾಲ್, ಆಮೇಲೆ ವಂಡರ್ ವುಮನ್, ಎರಡು ಜಾಹೀರಾತು, ಕೊನೆಗೆ 'ಮೀಡಿಯಾ ಬರ್ನ್'. ಎಲ್ಲ ಸೇರಿ ಮುಕ್ಕಾಲು ಗಂಟೆಯೊಳಗೆ. ಇಂಗ್ಲಿಷ್ ಚೆನ್ನಾಗಿ ಬರುವ ಗುಂಪಾದರೆ 'ಮೀಡಿಯಾ ಬರ್ನ್' ತೆಗೆದು ಓಮರ್ ಫಾಸ್ಟ್. ಇಡೀ ಮಧ್ಯಾಹ್ನ ಸಿಕ್ಕರೆ ಕಿರುಚಿತ್ರದ ಸಹವಾಸ ಬಿಟ್ಟು ಫಾರೊಕಿ ಮತ್ತು ಉಜಿಕಾ ಅವರ 'ವಿಡಿಯೋಗ್ರಾಮ್ಸ್ ಆಫ್ ಎ ರೆವಲ್ಯೂಷನ್' (1992) ಹಾಕಿಬಿಡಿ. 1989ರ ಡಿಸೆಂಬರಿನಲ್ಲಿ ದಂಗೆ ಎದ್ದ ರೊಮೇನಿಯಾದ ಜನ ಮೊದಲು ಹಿಡಿದ ಜಾಗಗಳಲ್ಲಿ ಟಿವಿ ಸ್ಟುಡಿಯೋ ಒಂದು. ಅದರ ಕಥೆ ಅದು.

ಪರದೆ, ಅನುಮತಿ

ಅಮೆರಿಕದ ಹಳೆ ವಿಡಿಯೋಗಳಲ್ಲಿ ಹೆಚ್ಚಿನವು ನ್ಯೂಯಾರ್ಕಿನ ಎಲೆಕ್ಟ್ರಾನಿಕ್ ಆರ್ಟ್ಸ್ ಇಂಟರ್‌ಮಿಕ್ಸ್ ಅಥವಾ ಶಿಕಾಗೋದ ವಿಡಿಯೋ ಡೇಟಾ ಬ್ಯಾಂಕ್ ಹತ್ತಿರ ಇವೆ. ತರಗತಿಗೋ, ಹೊರಗಿನವರನ್ನು ಕರೆದು ತೋರಿಸುವುದಕ್ಕೋ ಅಂತ ಸ್ಪಷ್ಟವಾಗಿ ಬರೆದು ಕೇಳಿ. ಅಂತರ್ಜಾಲದಲ್ಲಿ ಸುಮ್ನೆ ಸಿಗುವ ಪ್ರತಿಗಳು ಎಷ್ಟೋ ಸಲ ಅರ್ಧಂಬರ್ಧ, ಬಣ್ಣ ಕೆಟ್ಟವು.

ಇವೆಲ್ಲ ಚೌಕ ಟಿವಿಯ ಕಾಲದವು. ಪ್ರೊಜೆಕ್ಟರಿನಲ್ಲಿ ಅಗಲ ಹಿಗ್ಗಿಸುವ ಸೆಟ್ಟಿಂಗ್ ಇದ್ದರೆ ಮೊದಲು ತೆಗೆಯಿರಿ. ಒಂದು ಸಭಾಂಗಣದಲ್ಲಿ ನಾನು ನೋಡಿಕೊಳ್ಳದೆ ಹಾಕಿ, ವಂಡರ್ ವುಮನ್ ಗಿಡ್ಡವಾಗಿ, ದಪ್ಪವಾಗಿ ತಿರುಗಿದಳು. ಜನ ನಕ್ಕದ್ದು ಬರ್ನ್‌ಬಾಮ್ ಬಯಸಿದ ಕಾರಣಕ್ಕಲ್ಲ. ಡೇವಿಡ್ ಹಾಲ್ ಚಿತ್ರವನ್ನಂತೂ ಪ್ರೊಜೆಕ್ಟರಿನಲ್ಲಿ ಹಾಕಲೇಬೇಡಿ. ಹಿಂದೆ ಉಬ್ಬಿದ ಹಳೆ ಟಿವಿಯೇ ಬೇಕು. ಲ್ಯಾಪ್‌ಟಾಪಿನ ಎಚ್‌ಡಿಎಂಐಯನ್ನು ಕೆಂಪು ಬಿಳಿ ಹಳದಿ ಪಿನ್ನಿಗೆ ಬದಲಿಸುವ ಸಣ್ಣ ಡಬ್ಬಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಟಿವಿಗೆ ರಿಪೇರಿ ಅಂಗಡಿಯಲ್ಲಿ ಕೇಳಿ, ಮೂಲೆಯಲ್ಲಿ ಒಂದಾದರೂ ಬಿದ್ದಿರುತ್ತದೆ. ನನಗೆ ಸಿಕ್ಕಿದ್ದು ಹಾಗೇ. ಹೊತ್ತಿಕೊಳ್ಳಲು ಎರಡು ನಿಮಿಷ ಬೇಕು, ಮುಖಗಳೆಲ್ಲ ಸ್ವಲ್ಪ ಹಸಿರಾಗಿ ಬರುತ್ತವೆ, ಪಕ್ಕಕ್ಕೆ ಒಂದು ತಟ್ಟಿದರೆ ಸರಿಹೋಗುತ್ತದೆ.